ಎಡಗಿವಿಯ ಪೆಟ್ಟಿಗೆ

ನನ್ನ ತವರುಮನೆ ರಬಕವಿಯಲ್ಲಿ. ಮುಂದಿನ ಪಡಸಾಲೆಯಲ್ಲಿ ನಾಲ್ಕು ಕರೆಂಟ್ ಮಗ್ಗಗಳು, ಹಿಂದೆ ಅಡುಗೆಮನೆ, ಎರಡರ ನಡುವಿನ ಗೋಡೆಯ ಗೂಡಿನಲ್ಲಿ ಒಂದು ದೊಡ್ಡ ವಾಲ್ವ್ ರೇಡಿಯೋ. ಅಪ್ಪ ಅದನ್ನು ಆಸೆಪಟ್ಟು ಸೊಲ್ಲಾಪುರದಿಂದ ತಂದಿದ್ದ. ಆದರೆ ಅದನ್ನು ಕೇಳುವ ಯೋಗ ಮಾತ್ರ ನಮಗಿರಲಿಲ್ಲ. ಕರೆಂಟ್ ಇದ್ದಾಗ ಮಗ್ಗಗಳು ಓಡುತ್ತಿದ್ದವು, ರೇಡಿಯೋದ ದೀಪ ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಕರೆಂಟ್ ಹೋದಾಗ ಮಗ್ಗಗಳು ನಿಲ್ಲುತ್ತಿದ್ದವು, ಜೊತೆಗೆ ರೇಡಿಯೋ ಕೂಡ. ಅಮಾವಾಸ್ಯೆಗೊಮ್ಮೆ ಮಗ್ಗಕ್ಕೆ ರಜೆ. ಅಂದು ಮಾತ್ರ ನಾವೆಲ್ಲ ಕೈಕಾಲು ತೊಳೆದು ಅದರ ಮುಂದೆ ಕೂರುತ್ತಿದ್ದೆವು. ನಮ್ಮ ಪಾಲಿಗೆ ಸಂಗೀತವೆಂದರೆ ತಿಂಗಳಿಗೆ ಒಂದು ದಿನದ ಹಬ್ಬ.

ಮಗ್ಗದ ಮನೆಯಲ್ಲಿ ಬೆಳೆದವರ ಗಂಟಲು ದೊಡ್ಡದು. ಮುಂದೆ ನಾನು ಜಮಖಂಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಅಕ್ಕೋರಾಗಿ ಸೇರಿದಾಗ ಹೆಡ್ ಮಾಸ್ತರರು ಒಂದೇ ವಾರದಲ್ಲಿ ಕರೆದು ಹೇಳಿದರು: "ಅಕ್ಕೋರ, ನೀವು ಎಂಟನೇ ವರ್ಗಕ್ಕ ಪಾಠಾ ಮಾಡಿದ್ರ ಹತ್ತನೇ ವರ್ಗದವ್ರೂ ಬರ್ಕೋಳಾಕತ್ತಾರ್ರಿ. ಸ್ವಲ್ಪ ಹಗೂರ ಮಾತಾಡ್ರಿ." ಮದುವೆಯಾದದ್ದು ಭೂಮಿ ಅಳತೆ ಕಚೇರಿಯಲ್ಲಿ ಕೆಲಸ ಮಾಡುವವರನ್ನು. ಅವರು ನನಗೆ ತದ್ವಿರುದ್ಧ. ದಿನವೆಲ್ಲ ಹೊಲಗಳ ನಡುವೆ ಸರಪಳಿ ಹಿಡಿದು ಓಡಾಡಿ ಬಂದು ಸಂಜೆ ಪತ್ರಿಕೆ ಬಿಡಿಸಿ ಕುಳಿತರೆ ಊಟಕ್ಕೆ ಕರೆಯುವವರೆಗೂ ಒಂದು ಮಾತಿಲ್ಲ.

ಆಂಪ್ಲಿಫೈಯರುಗಳ ಹುಚ್ಚು ಹತ್ತಿದ್ದು ಶಾಲೆಯ ಕೆಲಸದಿಂದಲೇ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸ್ವಾತಂತ್ರ್ಯ ದಿನಾಚರಣೆಯ ಹಿಂದಿನ ವಾರ ಶಾಲೆಯ ಮೈಕಿನ ಪೆಟ್ಟಿಗೆ ಕೆಟ್ಟಿತು. ವಿಜ್ಞಾನ ಕಲಿಸುವವಳು ನಾನೇ ಆದ್ದರಿಂದ ರಿಪೇರಿ ಮಾಡಿಸುವ ಕೆಲಸವೂ ನನ್ನದೇ ಆಯಿತು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ. ಅಲ್ಲಿನ ಹಿರಿಯರನ್ನು ಊರೆಲ್ಲ ರೇಡಿಯೋ ಮಾಸ್ತರ ಎನ್ನುತ್ತಿತ್ತು. ದಪ್ಪ ಕನ್ನಡಕ, ಅದರ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿತ್ತು. ನಮ್ಮ ಪೆಟ್ಟಿಗೆಯನ್ನು ಬಿಚ್ಚಿಟ್ಟು ಅವರು ಬೆಸುಗೆ ಹಾಕುತ್ತಿದ್ದಾಗ ನನ್ನ ಕಣ್ಣು ಮೇಲಿನ ಹಲಗೆಯ ಮೇಲೆ ಬಿತ್ತು. ಅಲ್ಲೊಂದು ಕರಿ ಕಬ್ಬಿಣದ ಪೆಟ್ಟಿಗೆ, ಅದರ ನೆತ್ತಿಯ ಮೇಲೆ ಸಾಲಾಗಿ ಗಾಜಿನ ವಾಲ್ವುಗಳು, ಮೇಲೆಲ್ಲ ಧೂಳು.

"ಅದೇನ್ರಿ ಮಾಸ್ತರ?"

"ಮನ್ಯಾಗ ಹಾಡ ಕೇಳೂ ಆಂಪ್ಲಿಫೈಯರ್ ತಂಗಿ. ಯಾರೋ ಬಿಟ್ಟು ಹೋದ್ರು. ಈಗೆಲ್ಲಾ ಟ್ರಾನ್ಸಿಸ್ಟರ್ ಬಂದಾವ, ಇದನ್ಯಾರ ಕೇಳತಾರ? ಹಚ್ಚಿ ತೋರಸಲೇನು?"

ಅವರು ಅದನ್ನು ಇಳಿಸಿ, ಧೂಳು ಊದಿ, ತಂತಿ ಜೋಡಿಸಿದರು. ಮೊದಲು ಏನೂ ಕೇಳಲಿಲ್ಲ. ನಿಧಾನವಾಗಿ ವಾಲ್ವುಗಳ ಒಳಗೆ ಕೆಂಡದಂಥ ಬೆಳಕು ಮೂಡಿತು. ಆಮೇಲೆ ಗ್ರಾಮಫೋನಿನ ತಟ್ಟೆ ತಿರುಗಿ, ಒಬ್ಬ ಹೆಣ್ಣುಮಗಳ ಹಾಡು ಶುರುವಾಯಿತು. ಎರಡನೆಯ ಸಾಲಿಗೆ ಮೊದಲು ಅವಳು ಉಸಿರು ತೆಗೆದುಕೊಂಡದ್ದು ನನಗೆ ಕೇಳಿಸಿತು. ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿಗೆ ಅದೊಂದು ಪವಾಡ.

"ಮಾಸ್ತರ, ಆಕಿ ಉಸರ ತಗೊಂಡ್ಲಲ್ರಿ!"

"ಮತ್ತ? ಮನಷ್ಯಾಳ ಆಕಿ. ಉಸರ ತಗೊಳ್ಳದ ಹ್ಯಾಂಗ ಹಾಡ್ತಾಳ?"

ಶಾಲೆಯ ಮೈಕಿನ ಜೊತೆಗೆ ಆ ಕರಿ ಪೆಟ್ಟಿಗೆಯೂ ನನ್ನೊಡನೆ ಟಾಂಗಾ ಹತ್ತಿತು.

ಒಂದರಿಂದ ಎರಡಾಯಿತು, ಎರಡರಿಂದ ನಾಲ್ಕು. ಊರಿನ ಜನ ಹಳೆಯ ಸಾಮಾನು ಹೊರಗೆ ಹಾಕುವ ಕಾಲ ಅದು. ಹಿಂದೆ ಸಂಸ್ಥಾನಿಕರ ಊರುಗಳಾಗಿದ್ದ ಜಮಖಂಡಿ, ಮುಧೋಳಗಳ ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ಏನೇನೋ ಇರುತ್ತಿತ್ತು. ಮಾಸ್ತರರು ಸುದ್ದಿ ಕೊಡುತ್ತಿದ್ದರು, ನಾನು ಹೋಗಿ ತರುತ್ತಿದ್ದೆ. ಬೆಸುಗೆ ಹಾಕುವುದನ್ನೂ ಅವರೇ ಕಲಿಸಿದರು. ಎಂಬತ್ತರ ದಶಕದ ನಡುವಿನ ಹೊತ್ತಿಗೆ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಐದು ಆಂಪ್ಲಿಫೈಯರು, ಏಳು ಸ್ಪೀಕರು ಇದ್ದವು. ನಮ್ಮವರು ಒಂದು ದಿನ ಪತ್ರಿಕೆ ಮಡಚಿಟ್ಟು, "ನಾವು ಸಂಸಾರ ಹೂಡೇವೋ, ರಿಪೇರಿ ಅಂಗಡಿ ತಗದೇವೋ?" ಎಂದು ಕೇಳಿದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಬರುವುದೇ ಅಪರೂಪವಾದ್ದರಿಂದ ನನಗೆ ಸಿಟ್ಟು ಬರಲಿಲ್ಲ.

ಒಮ್ಮೆ ತೆರೆದ ಪೆಟ್ಟಿಗೆಯೊಳಗೆ ಬೆರಳಿಟ್ಟಾಗ ನನಗೆ ಶಾಕ್ ಹೊಡೆಯಿತು. "ಅಯ್ಯೋ" ಎಂದು ಕೈ ಹಿಂದಕ್ಕೆಳೆದುಕೊಂಡು ದೂರ ಹೋಗಿ ಕುಳಿತಿದ್ದೆ. ನಮ್ಮವರು ಒಳಗಿನಿಂದ ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆಯ ಪಕ್ಕದಲ್ಲಿದ್ದ ಕಟ್ಟಿಗೆ ಹಿಡಿದು ಓಡಿ ಬಂದವರೇ ನನ್ನ ರಟ್ಟೆಗೆ ಒಂದು ಬಾರಿಸಿದರು. ಕರೆಂಟಿನಿಂದ ಬಿಡಿಸುವುದು ಹೀಗೆ ಎಂದು ಅವರು ಎಲ್ಲೋ ಓದಿದ್ದರಂತೆ. ಶಾಕಿನ ನೋವು ಐದು ನಿಮಿಷ, ಕಟ್ಟಿಗೆಯದು ಒಂದು ವಾರ.

ಆ ವರ್ಷವೇ ಮುಧೋಳದಿಂದ ಒಂದು ಸುದ್ದಿ ಬಂತು. ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರು ದವಾಖಾನೆ ಮುಚ್ಚಿ ಮನೆ ಖಾಲಿ ಮಾಡುತ್ತಿದ್ದಾರೆ, ಅವರ ಬಳಿ ವಿಲಾಯತಿ ಸ್ಪೀಕರು ಇದೆ ಎಂದು ಮಾಸ್ತರರು ಹೇಳಿದರು. ನಾನು ಮುಂದಿನ ರವಿವಾರವೇ ಹೋದೆ. ತೇಗದ ಹೊರಕವಚ, ಮುಂದೆ ಬಂಗಾರದ ಬಣ್ಣದ ಜಾಳಿಗೆ ಬಟ್ಟೆ, ನನ್ನ ಸೊಂಟದೆತ್ತರದ ಪೆಟ್ಟಿಗೆ. ಆದರೆ ಇದ್ದದ್ದು ಒಂದೇ.

"ಡಾಕ್ಟರ್ರ, ಇದು ಜೋಡಿ ಇರಬೇಕಲ್ರಿ?"

ಡಾಕ್ಟರು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, "ಈ ಕಡೆ ಬಂದ ಮಾತಾಡ ತಂಗಿ, ಎಡಗಿವಿ ಕೇಳೂದಿಲ್ಲ" ಎಂದರು. ನಾನು ಬಲಗಡೆ ಹೋಗಿ ಮತ್ತೆ ಕೇಳಿದೆ.

"ಹೂಂ, ಜೋಡಿ ಇತ್ತು. ಈ ಕಿವಿ ಹೋದ ಮ್ಯಾಲ ಒಂದ ಕಿವಿಗಿ ಎರಡ ಪೆಟಗಿ ಯಾಕಂತ ಎಡಗಡೇದು ಕೊಟ್ಟಬಿಟ್ನಿ."

"ಯಾರಿಗ್ರೀ?"

"ಗಲಗಲಿ ಹತ್ರ ಒಂದ ಕುರಿಗಾರರ ಮನಿ ಐತಿ. ಆ ಮನಿ ಮುದುಕಿ ಆಯಿ ಔಷಧಕ್ಕ ಬರತಿದ್ಲು. ಪೆಟಗಿ ಭಾಳ ಗಟ್ಟಿ ಐತ್ರೀ ಸಾಹೇಬ್ರ ಅಂದ್ಲು. ಒಯ್ಯವಾ ಅಂದ್ನಿ. ಆಕಿ ಹಾಡ ಕೇಳಾಕ ಒಯ್ದಾಳಂತ ಅನಕೋಬ್ಯಾಡ ಮತ್ತ." ಹೇಳಿ ಅವರೇ ಗಟ್ಟಿಯಾಗಿ ನಕ್ಕರು.

ಬಲಗಡೆಯದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಜಮಖಂಡಿಗೆ ತಂದೆ. ಆ ವಾರವಿಡೀ ಶಾಲೆಯಲ್ಲಿ ನನ್ನ ಮನಸ್ಸು ಗಲಗಲಿಯಲ್ಲೇ ಇತ್ತು. ಮುಂದಿನ ರವಿವಾರ ಬೆಳಗಿನ ಬಸ್ಸಿಗೆ ಹೋಗಿ, ಕೇಳುತ್ತ ಕೇಳುತ್ತ ಹೊಳೆಯ ದಂಡೆಯ ಕಡೆಗಿನ ಆ ಮನೆ ಹುಡುಕಿದೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಪಕ್ಕದಲ್ಲಿ ಕುರಿಗಳ ದೊಡ್ಡಿ. ಆಯಿ ಬಾಗಿಲಲ್ಲಿ ಕುಳಿತು ಉಣ್ಣೆ ನೂಲುತ್ತಿದ್ದಳು. ಅವಳ ಹಿಂದೆ, ಗೋಡೆಗೆ ತಾಗಿ, ನನ್ನ ಎಡಗಡೆಯ ಪೆಟ್ಟಿಗೆ! ಹಿಂಬದಿಯ ಹಲಗೆ ತೆಗೆದು ಅದನ್ನು ಅಡ್ಡ ಮಲಗಿಸಿದ್ದರು. ನಾನು ಬಗ್ಗಿ ನೋಡಿದೆ. ಒಳಗೆ ಕತ್ತಲಲ್ಲಿ ಎರಡು ಕಣ್ಣು ಹೊಳೆದವು.

"ಕೈ ಹಾಕಬ್ಯಾಡ ಯವ್ವಾ!" ಎಂದು ಆಯಿ ಕೂಗುವಷ್ಟರಲ್ಲಿ ಕೋಳಿ ನನ್ನ ಬೆರಳು ಕುಕ್ಕಿತ್ತು.

ನಾನು ಬೆರಳು ಚೀಪುತ್ತ ಬಂದ ಕಾರಣ ಹೇಳಿದೆ. ಆಯಿ ನೂಲುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡಳು.

"ಒಯ್ಯಿ, ನಾ ಬ್ಯಾಡ ಅನ್ನೂದಿಲ್ಲ. ಆದರ ಈಗ ಆಗೂದಿಲ್ಲವಾ. ಕೋಳಿ ಕಾವಿಗಿ ಕುಂತೈತಿ. ಹನ್ನೊಂದ ತತ್ತಿ ಅದಾವು. ಎಬ್ಬಿಸಿದ್ರ ಎಲ್ಲಾ ಕೆಡತಾವು."

"ಎಂದ ಕುಂತೈತಿ ಆಯಿ?"

"ಹ್ವಾದ ರವಿವಾರ."

ಕೋಳಿಮೊಟ್ಟೆ ಮರಿಯಾಗಲು ಇಪ್ಪತ್ತೊಂದು ದಿನ ಬೇಕು ಎಂದು ನಾನು ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಬರೆಸುತ್ತಿದ್ದೆ. ಪುಸ್ತಕದಲ್ಲಿ ಅದು ಒಂದೇ ಒಂದು ಸಾಲು. ಅದು ಎಷ್ಟು ಉದ್ದದ ಸಾಲು ಎಂಬುದು ನನಗೆ ಅಂದು ತಿಳಿಯಿತು.

ಮುಂದಿನ ರವಿವಾರ ಸುಮ್ಮನಿರಲಾಗದೆ ಮತ್ತೆ ಹೋದೆ. ಇಲಿಗಿಲಿ ಸ್ಪೀಕರಿನೊಳಗೆ ದನಿ ಹೊರಡಿಸುವ ಕಾಗದದ ಕೋನನ್ನು ಕಡಿದೀತು ಎಂಬ ಭಯ. ಆಯಿ ನನ್ನನ್ನು ಕಂಡು, "ಬಾಣಂತಿ ನೋಡಾಕ ಬಂದಿಯೇನ?" ಎಂದು ನಕ್ಕು, ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ಕೊಟ್ಟಳು. ಅಂದು ಅವಳ ಗಂಡನೂ ಮನೆಯಲ್ಲಿದ್ದ. ಎತ್ತರದ ಮುದುಕ, ಹೆಗಲ ಮೇಲೆ ಕಂಬಳಿ. ಬೀರೇಶ್ವರನ ಡೊಳ್ಳಿನ ಹಾಡು ಹೇಳುವುದರಲ್ಲಿ ಸುತ್ತಿನ ಹಳ್ಳಿಗಳಲ್ಲಿ ಹೆಸರಾದವನು ಎಂದು ಆಯಿ ಹೇಳಿದಳು. ಮುತ್ಯಾ ಪೆಟ್ಟಿಗೆಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದ.

"ಇದರಾಗಿಂದ ಹಾಡ ಬರತಾವ ಅಂತಿ?"

"ಹೂಂ ಮುತ್ಯಾ."

"ಆರ ತಿಂಗಳಾತು ನಮ್ಮನ್ಯಾಗ ಐತಿ. ಕೋಳಿ ಕ್ಕೊಕ್ಕೊಕ್ಕೊ ಅಂದದ್ದ ಬಿಟ್ರ ಬ್ಯಾರೆ ಏನೂ ಬಂದಿಲ್ಲ ನೋಡು."

ಮೂರನೆಯ ರವಿವಾರ ನಾನು ಸೆರಗು ಸಿಕ್ಕಿಸಿ ಹೊರಟಾಗ ನಮ್ಮವರು ಪತ್ರಿಕೆ ಮಡಚಿಟ್ಟರು. "ವಾರಾ ವಾರಾ ಗಲಗಲಿಯಾಗ ಏನೈತಿ? ನಾನೂ ಬರತೇನಿ" ಎಂದರು. ನಾನು ಏನು ಹೇಳಿದರೂ ಅವರು ನಂಬುವಂತಿರಲಿಲ್ಲ. ಕೋಳಿ ಕಾವಿಗೆ ಕುಳಿತಿದೆ, ಅದಕ್ಕೆ ಹೋಗುತ್ತಿದ್ದೇನೆ ಎಂದರೆ ಯಾವ ಗಂಡ ನಂಬುತ್ತಾನೆ? ಜೊತೆಯಲ್ಲೇ ಹೋದೆವು. ನಮ್ಮ ಅದೃಷ್ಟಕ್ಕೆ ಅಂದೇ ಮೊಟ್ಟೆಗಳು ಒಡೆಯುತ್ತಿದ್ದವು. ಮಾತಾಡದ ನಮ್ಮವರು ಅಂಗಳದಲ್ಲಿ ಮಂಡಿಯೂರಿ, ಪೆಟ್ಟಿಗೆಯೊಳಗೆ ಬ್ಯಾಟರಿ ಬಿಟ್ಟು, "ಏ ಬಂತು, ಇನ್ನೊಂದು ಬಂತು, ಅಲ್ಲಿ ನೋಡು, ಮೂಲ್ಯಾಗ!" ಎಂದು ಒಂದು ತಾಸು ಕೂಗಿದರು. ಒಂಬತ್ತು ಮರಿ. ಎರಡು ಮೊಟ್ಟೆ ಹಾಗೇ ಉಳಿದವು. ವಾಪಸು ಬರುವ ಬಸ್ಸಿನಲ್ಲಿ ಅವರು ಜಮಖಂಡಿಯವರೆಗೂ ಮರಿಗಳ ಬಗ್ಗೆಯೇ ಮಾತಾಡಿದರು.

ಇನ್ನೇನು ಪೆಟ್ಟಿಗೆ ಸಿಕ್ಕಿತು ಎಂದುಕೊಂಡು ನಾಲ್ಕನೆಯ ರವಿವಾರ ದೊಡ್ಡ ಬಿದಿರಿನ ಬುಟ್ಟಿಯೊಂದನ್ನು ಕೋಳಿಗಾಗಿ ಹೊತ್ತು ಹೋದೆವು. ಬುಟ್ಟಿಯಲ್ಲಿ ಬಿಟ್ಟರೆ ಕೋಳಿ ನಿಲ್ಲಲೇ ಇಲ್ಲ. ನಾವು ಹಿಡಿದು ಇಟ್ಟೆವು, ಅದು ಹಾರಿ ಪೆಟ್ಟಿಗೆಗೆ ಹೋಯಿತು. ಮತ್ತೆ ಇಟ್ಟೆವು, ಮತ್ತೆ ಹೋಯಿತು. ಅದರ ಹಿಂದೆ ಒಂಬತ್ತು ಮರಿಗಳ ಮೆರವಣಿಗೆ. ನಮ್ಮವರ ಬಿಳಿ ಅಂಗಿಯ ಮೇಲೆ ಕೋಳಿಯ ಗುರುತುಗಳು ಮೂಡಿದವು. ನಾನು ಸೋತು ಕಟ್ಟೆಯ ಮೇಲೆ ಕುಳಿತೆ.

ಆಯಿ ಒಳಗಿನಿಂದ ಬಂದು ನಮ್ಮ ಅವತಾರ ನೋಡಿದಳು. "ಸಾಲಿ ಕಲಿತವ್ರು ನೀವು. ಅದಕ್ಕ ಪೆಟಗಿ ಯಾವುದು, ಬುಟ್ಟಿ ಯಾವುದು ಗೊತ್ತಾಗತೈತೇನ? ಅದು ಹಾಸಿಗಿ ಗುರತ ಹಿಡೀತೈತಿ" ಎಂದು ಹೇಳಿ, ಪೆಟ್ಟಿಗೆಯ ಒಳಗೆ ಕಂಪನಿಯವರು ತುಂಬಿದ್ದ ಹತ್ತಿಯಂಥ ಮೆತ್ತೆಯನ್ನೆಲ್ಲ ಬಾಚಿ ತೆಗೆದು ಬುಟ್ಟಿಗೆ ಹಾಕಿದಳು. ಕೋಳಿ ಒಮ್ಮೆ ಕೊಕ್ಕಿನಿಂದ ಕೆದರಿ ನೋಡಿತು. ಆಮೇಲೆ ಮರಿಗಳನ್ನು ಕರೆದುಕೊಂಡು ಒಳಗೆ ಕುಳಿತುಬಿಟ್ಟಿತು.

ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಸಂಕಟ. ಆ ಮೆತ್ತೆ ಇಲ್ಲದಿದ್ದರೆ ಸ್ಪೀಕರಿನ ದನಿ ಡಬ್ಬಿಯೊಳಗಿನ ದನಿಯಾಗುತ್ತದೆ. ಅದನ್ನು ಹೇಳಿದಾಗ ಆಯಿ ಮತ್ತೆ ಒಳಗೆ ಹೋಗಿ ಒಂದು ಹೊರೆ ಕುರಿ ಉಣ್ಣೆ ತಂದು ನನ್ನ ಮಡಿಲಿಗೆ ಹಾಕಿದಳು. "ಇದನ್ನ ತುಂಬು. ಹತ್ತಿಗಿಂತ ಛಲೋ. ಕಂಬಳಿ ಹೊತ್ಕೊಂಡ್ರ ಗಾಳಿ ಸದ್ದ ಕೇಳತೈತೇನ?"

ರೇಡಿಯೋ ಮಾಸ್ತರರು ಪೆಟ್ಟಿಗೆ ಬಿಚ್ಚಿ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಕೋನಿನಲ್ಲಿ ಕೋಳಿ ಕುಕ್ಕಿದ ಒಂದು ತೂತು, ಮೂಲೆಯಲ್ಲಿ ಮೊಟ್ಟೆಯ ಚೂರು, ಪುಕ್ಕ, ಇನ್ನೂ ಹೇಳಬಾರದ್ದು. "ನಲವತ್ತ ವರ್ಷ ರಿಪೇರಿ ಮಾಡೇನಿ ತಂಗಿ. ಕೋಳಿ ಕುಂತ ಸ್ಪೀಕರ್ ಇದs ಮೊದಲ" ಎಂದರು. ತೂತಿಗೆ ಹಚ್ಚಲು ಹಗುರವಾದ ಬಟ್ಟೆ ಬೇಕೆಂದಾಗ ನಾನು ರಬಕವಿಗೆ ಹೋಗಿ ಅವ್ವನ ಹತ್ತಿರ ಕೇಳಿದೆ. ಅವಳು ಟ್ರಂಕಿನಿಂದ ತೆಳು ರೇಷ್ಮೆಯ ತುಂಡೊಂದನ್ನು ಹುಡುಕಿ ಕೊಟ್ಟಳು. ಮಾಸ್ತರರು ಅದಕ್ಕೆ ಅಂಟು ಸವರಿ ಎರಡು ಬೆರಳಿನಿಂದ ಎಷ್ಟು ಮೆಲ್ಲಗೆ ಕೂರಿಸಿದರೆಂದರೆ, ಗಾಯಕ್ಕೆ ಪಟ್ಟಿ ಕಟ್ಟುವವರ ಕೈ ಕೂಡ ಅಷ್ಟು ಮೃದುವಲ್ಲ. ಉಣ್ಣೆಯನ್ನು ಬೇವಿನೆಲೆ ಹಾಕಿ ಕುದಿಸಿ, ತೊಳೆದು, ಎರಡು ದಿನ ಮಾಳಿಗೆಯ ಮೇಲೆ ಒಣಗಿಸಿ, ಹಿಂಜಿ ತುಂಬಿದೆವು. ಎಡಗಡೆಗೆ ತುಂಬಿದ ಮೇಲೆ ಬಲಗಡೆಯದೂ ಹಾಗೇ ಇರಲಿ ಎಂದು ಅದರ ಮೆತ್ತೆಯನ್ನೂ ತೆಗೆದು ಉಣ್ಣೆಯನ್ನೇ ಹಾಕಿದೆವು.

ಒಂದು ಮಧ್ಯಾಹ್ನ ಎರಡನ್ನೂ ಪಡಸಾಲೆಯಲ್ಲಿ ನಿಲ್ಲಿಸಿ ಹಚ್ಚಿದೆ. ಹಾಡುವವಳು ಬಲಗಡೆಯೂ ಇರಲಿಲ್ಲ, ಎಡಗಡೆಯೂ ಇರಲಿಲ್ಲ. ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ನಿಂತು ಹಾಡುತ್ತಿದ್ದಳು. ನಮ್ಮವರು ಎದ್ದು ಹೋಗಿ ಆ ಜಾಗದಲ್ಲಿ ಕೈಯಾಡಿಸಿ ನೋಡಿದರು. ಮಾಸ್ತರರು ನೆಲದ ಮೇಲೆ ಕುಳಿತು ತಟ್ಟೆ ಮುಗಿಯುವವರೆಗೂ ಕೇಳಿದರು. ಮುಗಿದ ಮೇಲೆ, "ಇನ್ನೊಂದ ಸಲ ಹಚ್ಚು ತಂಗಿ" ಎಂದರು.

ಮುಧೋಳದ ಡಾಕ್ಟರನ್ನು ಕರೆಸಬೇಕೆಂದು ನನಗೆ ಆಸೆ, ಜೊತೆಗೇ ಸಂಕೋಚ. ಒಂದು ಕಿವಿಯವರಿಗೆ ಜೋಡಿ ಸ್ಪೀಕರು ತೋರಿಸುವುದು ಸರಿಯೇ? ಆದರೆ ಸುದ್ದಿ ಕೇಳಿ ಅವರೇ ಬಂದರು. ಕುರ್ಚಿಯಲ್ಲಿ ಕುಳಿತು ಮೊದಲು ನೇರ ನೋಡಿದರು, ಆಮೇಲೆ ಕುರ್ಚಿಯನ್ನೇ ತಿರುಗಿಸಿಕೊಂಡು ಬಲಗಿವಿಯನ್ನು ಹಾಡಿನ ಕಡೆ ಮಾಡಿ ಕಣ್ಣು ಮುಚ್ಚಿದರು.

"ನೀ ಹೇಳಿದಂಗ ನಡುವ ನಿಂತಾಕಿ ನನಗ ಗೊತ್ತಾಗೂದಿಲ್ಲ ತಂಗಿ" ಎಂದರು. ನನ್ನ ಮುಖ ಸಣ್ಣದಾಗಿರಬೇಕು, ಕೂಡಲೇ ಮುಂದುವರಿಸಿದರು: "ಆದರ ಮನಿ ತುಂಬೇತಿ ನೋಡು. ನಮ್ಮನ್ಯಾಗ ಒಂದ ಪೆಟಗಿ ಇಟ್ಕೊಂಡ ಹೆಂಗ ಕೇಳತಿದ್ನೋ ಏನೋ. ಜೋಡಿ ಅಗಲಿಸಿ ತಪ್ಪ ಮಾಡಿದ್ನಿ." ಆಮೇಲೆ ತಿಂಗಳಿಗೊಮ್ಮೆಯಾದರೂ ಅವರು ಬರುತ್ತಿದ್ದರು. ತಮ್ಮ ತಟ್ಟೆಗಳನ್ನೆಲ್ಲ ಒಂದೊಂದಾಗಿ ನಮ್ಮ ಮನೆಗೇ ತಂದಿಟ್ಟರು.

ಆಯಿ ಮತ್ತು ಮುತ್ಯಾ ಬಂದದ್ದು ಸುಗ್ಗಿ ಮುಗಿದ ಮೇಲೆ. ಜಮಖಂಡಿಗೆ ಕಂಬಳಿ ಮಾರಲು ಬಂದವರು ವಿಳಾಸ ಕೇಳುತ್ತ ಸಂಜೆ ಮನೆಗೆ ಬಂದರು. ಆಯಿ ಬಂದವಳೇ ಪೆಟ್ಟಿಗೆಯ ಹಿಂದೆ ಹೋಗಿ ನೋಡಿ, "ನಮ್ಮ ಉಣ್ಣಿ ಒಳಗೈತೇನ?" ಎಂದು ಖಾತ್ರಿ ಮಾಡಿಕೊಂಡಳು. ಮುತ್ಯಾ ಎರಡು ಹಾಡು ಕೇಳಿ, "ಛಲೋ ಹಾಡ್ತಾಳ. ಆದರ ಬ್ಯಾರೇದವರದು ಎಷ್ಟಂತ ಕೇಳೂದು?" ಎಂದು ಕಂಬಳಿ ಸರಿಮಾಡಿಕೊಂಡ.

ಅವನ ಮನಸ್ಸು ನನಗೆ ಅರ್ಥವಾಯಿತು. ನನ್ನ ಹತ್ತಿರ ಒಂದು ಕ್ಯಾಸೆಟ್ ರೆಕಾರ್ಡರ್ ಇತ್ತು. ಅದನ್ನು ಅವನ ಮುಂದಿಟ್ಟೆ. ಡೊಳ್ಳು ಇರಲಿಲ್ಲ, ನಮ್ಮವರು ಹಿಟ್ಟಿನ ಖಾಲಿ ಡಬ್ಬಿ ಬೋರಲು ಹಾಕಿ ಕೊಟ್ಟರು. ಮುತ್ಯಾ ಅದರ ಮೇಲೆ ಬೆರಳು ಆಡಿಸಿ, ಒಮ್ಮೆ ಕೆಮ್ಮಿ, ಬೀರೇಶ್ವರನ ಹಾಡು ಎತ್ತಿದ. ಓಣಿಯವರು ಬಾಗಿಲಲ್ಲಿ ಬಂದು ನಿಂತರು. ಹಾಡು ಮುಗಿದ ಮೇಲೆ ನಾನು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ದೊಡ್ಡ ಪೆಟ್ಟಿಗೆಗಳಿಗೆ ಜೋಡಿಸಿದೆ.

ಅವನ ದನಿಯೇ ಪಡಸಾಲೆ ತುಂಬಿತು. ಮುತ್ಯಾ ಹುಬ್ಬು ಗಂಟಿಕ್ಕಿ, ತಲೆ ಬಗ್ಗಿಸಿ ಕೇಳಿದ. ಅವನಿಗೆ ಸಂತೋಷವಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ ಎಂದೆಲ್ಲ ನಾನು ಕಾಯುತ್ತಿದ್ದೆ. ಅವನು ಥಟ್ಟನೆ ಕೈ ಎತ್ತಿದ.

"ನಿಂದರಸು! ಯಾರಲೇ ಇಂವ, ಮೂರನೇ ನುಡಿ ನುಂಗಿದ್ನಲ್ಲ!"

"ನೀವs ಮುತ್ಯಾ."

"ಗೊತ್ತೈತಿ. ಮೂವತ್ತ ವರ್ಷದಿಂದ ಹಾಡಾಕತ್ತೇನಿ, ಒಬ್ರರ ಹೇಳಿಲ್ಲ ನನಗ!"

ಆಯಿ ಬಾಯಿಗೆ ಸೆರಗು ಹಿಡಿದಳು. "ನಾ ಹೇಳಿದ್ನಿ. ಕೇಳಬೇಕಲ್ಲ ನೀನು?"

"ನೀ ಹೇಳಿದ್ರ ನಾ ಕೇಳತೇನೇನ? ಪೆಟಗಿ ಹೇಳಿದ್ರ ಮಾತು ಬ್ಯಾರೆ. ಹಚ್ಚವಾ, ಮತ್ತೊಮ್ಮಿ ಹಾಡತೇನಿ."

ಅಂದು ಅದೇ ಹಾಡನ್ನು ಅವನು ಮೂರು ಸಲ ಹಾಡಿದ. ಮೂರನೆಯದನ್ನು ಕೇಳಿ, "ಆತು. ಈಗ ಖರೆ ಹಾಡಾತು" ಎಂದು ಎದ್ದ. ಮುಂದೆ ಸಂತೆಗೆ ಬಂದಾಗಲೆಲ್ಲ ಒಂದು ಹೊಸ ಹಾಡು ತರುತ್ತಿದ್ದ, ತಾನೇ ತಪ್ಪು ಹುಡುಕಿ ತಾನೇ ತಿದ್ದಿಕೊಳ್ಳುತ್ತಿದ್ದ. ತೊಂಬತ್ತರ ದಶಕದಲ್ಲಿ ಅವನ ಮೇಳದ ಹೊಸಬರು ಒಂದು ಸಣ್ಣ ಟೇಪು ಕೊಂಡು, ಆ ಕ್ಯಾಸೆಟ್ಟುಗಳನ್ನು ನಕಲು ಮಾಡಿಸಿಕೊಂಡು ಹೋಗಿ ಹಾಡು ಕಲಿತರು. ಅವರ ಬಾಯಲ್ಲಿ ಮೂರನೇ ನುಡಿ ಸ್ವಚ್ಛವಾಗಿ ಬರುತ್ತದೆ.

ಮೊದಲ ಸಲ ಹಾಡಿದ್ದನ್ನು ಅಳಿಸಿಬಿಡು ಎಂದು ಮುತ್ಯಾ ನನಗೆ ಬಿಗಿಯಾಗಿ ಹೇಳಿದ್ದ. ಹೂಂ ಎಂದಿದ್ದೆ, ಅಳಿಸಲಿಲ್ಲ. ರೆಕಾರ್ಡರ್ ನಿಲ್ಲಿಸುವುದು ಮರೆತದ್ದರಿಂದ ಅದರ ಕೊನೆಯಲ್ಲಿ ಓಣಿಯವರ ಗದ್ದಲವಿದೆ, ಡಬ್ಬಿ ಉರುಳಿದ ಸದ್ದಿದೆ, ಆಯಿಯ ನಗು ಇದೆ, ನಮ್ಮವರು "ಚಾ ಇಡಲೇನು?" ಎಂದು ಕೇಳಿದ್ದಿದೆ. ರವಿವಾರ ಮಧ್ಯಾಹ್ನ ಕೆಲವೊಮ್ಮೆ ಅದನ್ನೇ ಹಚ್ಚುತ್ತೇನೆ. ತಾವು ಅಂದು ಎಡಗಡೆ ನಿಂತಿದ್ದರಿಂದ ಚಾ ಕೇಳಿದ ದನಿ ಎಡಗಡೆಯಿಂದ ಬರಬೇಕಿತ್ತು, ನಡುವೆ ಬರುತ್ತದೆ ಎಂದು ನಮ್ಮವರು ಪ್ರತಿ ಸಲವೂ ತಕರಾರು ಮಾಡುತ್ತಾರೆ. ಒಂದೇ ಮೈಕಿನಲ್ಲಿ ಹಿಡಿದದ್ದು, ಅದು ನಡುವೆಯೇ ಬರುವುದು ಎಂದು ನಾನು ಪ್ರತಿ ಸಲವೂ ವಿವರಿಸುತ್ತೇನೆ. ಅಷ್ಟಾದ ಮೇಲೆ ಅವರು ಎದ್ದು ಹೋಗಿ ಚಾ ಇಡುತ್ತಾರೆ.